12 ವರ್ಷದ ನೀತಿ ಯಾರ ಕೈಯಿಂದ ಬರಬೇಕು? ಸರ್ಕಾರಿ ಶಾಲೆ ಮತ್ತು ಮುಖ್ಯಶಿಕ್ಷಕರ ಪಾಲು

ಕಪ್ಪುಹಲಗೆ

ಎಲ್ಲರಿಗೂ ನಮಸ್ಕಾರ. 26 ವರ್ಷ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಕೊನೆಯ 11 ವರ್ಷ ಮುಖ್ಯಶಿಕ್ಷಕನಾಗಿ. ಬಹಳ ದಿನದಿಂದ ಒಳಗೇ ಕೊರೆಯುತ್ತಿರುವ ಒಂದು ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೂ ದಯವಿಟ್ಟು ಪೂರ್ತಿ ಓದಿ.

ಈ ವರ್ಷ ಒಂದನೇ ತರಗತಿಗೆ ಕಾಲಿಟ್ಟ ಮಗು ಶಾಲೆ ಮುಗಿಸಿ ಹೊರಬರಲು 12 ವರ್ಷ ಬೇಕು. ಅಷ್ಟರಲ್ಲಿ ಎರಡು ಮೂರು ಚುನಾವಣೆ ಆಗಿರುತ್ತವೆ. ಮಂತ್ರಿ ಬದಲಾದರೆ ಯೋಜನೆಯ ಹೆಸರು ಬದಲಾಗುತ್ತದೆ, ಕಾರ್ಯದರ್ಶಿ ಬದಲಾದರೆ ನಮೂನೆ ಬದಲಾಗುತ್ತದೆ. ಒಬ್ಬರು ಪರೀಕ್ಷೆ ಬೇಕು ಅಂತಾರೆ, ಮುಂದಿನವರು ಬೇಡ ಅಂತಾರೆ, ಅವರ ನಂತರ ಬಂದವರು ಮತ್ತೆ ತರುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಗಾಡಿಯಲ್ಲಿ ಕೂತಿರುವುದು ಆ ಒಂದನೇ ತರಗತಿಯ ಮಗು.

ನಾನು ಮುಖ್ಯಶಿಕ್ಷಕನಾದ ಎರಡನೇ ವರ್ಷ ನಡೆದದ್ದು ಹೇಳುತ್ತೇನೆ. ಮೂರನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಆಫೀಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಎರಡನೇ ತರಗತಿ ಪುಸ್ತಕದ ಒಂದು ಪುಟ ಓದಿಸಿದೆ. ಒಬ್ಬರಿಗೆ ಮೂರು ನಿಮಿಷ. 38 ಮಕ್ಕಳಲ್ಲಿ 17 ಮಕ್ಕಳು ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಟ್ಟರು. ಒಬ್ಬ ಹುಡುಗ ಮಾತ್ರ ಎಲ್ಲೂ ತಡವರಿಸದೆ ಪುಟ ಮುಗಿಸಿದ. ಆದರೆ ಅವನ ಬೆರಳು ಬೇರೆ ಸಾಲಿನ ಮೇಲಿತ್ತು. ಪಾಠ ಅವನಿಗೆ ಬಾಯಿಪಾಠವಾಗಿತ್ತು, ಓದು ಬಂದಿರಲಿಲ್ಲ. ಅದೇ ವಾರ ನಾನು ಮೇಲಕ್ಕೆ ಕಳಿಸಿದ ನಮೂನೆಯಲ್ಲಿ ಆ ತರಗತಿಯ ಸಾಧನೆ ಶೇ 92 ಎಂದಿತ್ತು. ಕೆಳಗೆ ನನ್ನ ಸಹಿ.

ಆ ನಮೂನೆಯಲ್ಲಿ ಸುಳ್ಳೇನೂ ಇರಲಿಲ್ಲ. ಅದು ಕೇಳಿದ್ದು ಕಿರುಪರೀಕ್ಷೆಯ ಅಂಕ, ನಾವು ಕೊಟ್ಟದ್ದೂ ಅದೇ. ಅಂಥ ಸಾವಿರಾರು ನಮೂನೆಗಳನ್ನು ಕೂಡಿಸಿ ಕಳೆದು ಎಲ್ಲೋ ಒಂದು ಕಡೆ ನೀತಿ ತಯಾರಾಗುತ್ತದೆ. ಬೆಂಚಿನ ಮೇಲೆ ಕಂಡದ್ದು ಆ ಕೋಣೆಯವರೆಗೆ ಹೋಗುವುದೇ ಇಲ್ಲ. ಹೋಗಬೇಕಾದರೆ ಹೊತ್ತುಕೊಂಡು ಹೋಗಬೇಕಾದವರು ನಾವು, ಮುಖ್ಯಶಿಕ್ಷಕರು. ತರಗತಿ ಮತ್ತು ಇಲಾಖೆ ಎರಡರ ಭಾಷೆಯೂ ಗೊತ್ತಿರುವವರು ನಾವೇ.

ಅಮೆರಿಕದ ಟೆಕ್ಸಾಸ್‌ನಲ್ಲಿ 35 ಜನ ಶಾಲಾ ಜಿಲ್ಲೆಗಳ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳ) ಮುಖ್ಯಸ್ಥರು ತಾವಾಗಿಯೇ ಸೇರಿ, ಸರ್ಕಾರಿ ಶಿಕ್ಷಣ ಎತ್ತ ಸಾಗಬೇಕು ಎಂದು 2008ರಲ್ಲಿ ಒಂದು ದಾಖಲೆ ಹೊರತಂದರು. ಪರೀಕ್ಷೆ ಮಗುವಿನ ಕಲಿಕೆಗೆ ನೆರವಾಗಬೇಕು, ಉತ್ತರದಾಯಿತ್ವ ಒಂದೇ ದಿನದ ಅಂಕದ ಮೇಲೆ ನಿಲ್ಲಬಾರದು, ರಾಜ್ಯ ಮತ್ತು ಸ್ಥಳೀಯ ಆಡಳಿತದ ನಡುವೆ ಅಧಿಕಾರದ ಹಂಚಿಕೆ ಸರಿಹೋಗಬೇಕು ಎಂಬುದು ಅದರ ತಿರುಳು. 2013ರಲ್ಲಿ ಅಲ್ಲಿನ ಶಾಸನಸಭೆ ಪ್ರೌಢಶಾಲೆಯ ಅಂತಿಮ ಪರೀಕ್ಷೆಗಳನ್ನು 15ರಿಂದ 5ಕ್ಕೆ ಇಳಿಸಿತು. ಆ ದಾಖಲೆಯೊಂದರಿಂದಲೇ ಆಯಿತು ಎನ್ನಲಾಗದು, ಪೋಷಕರ ಮತ್ತು ಶಾಲಾ ಮಂಡಳಿಗಳ ಒತ್ತಡವೂ ದೊಡ್ಡದಿತ್ತು. ಆದರೆ ಶಾಲೆ ನಡೆಸುವವರು ಸುತ್ತೋಲೆಗಾಗಿ ಕಾಯದೆ ಮೊದಲೇ ಬರೆದಿಟ್ಟಿದ್ದರು.

ನನ್ನ ಪ್ರಶ್ನೆ ಇಷ್ಟೇ. ನಾವು ಯಾಕೆ ಬರೆಯುತ್ತಿಲ್ಲ?

ಕಡತ

ಸರ್, ನಾನು ಇಲಾಖೆಯ ಕಡೆಯಿಂದ ಬಂದವನು, ಈಗ ನಿವೃತ್ತ. ನಿಮ್ಮ ಕಾಳಜಿ ಬಗ್ಗೆ ಎರಡು ಮಾತಿಲ್ಲ. ಆದರೆ ಮೇಜಿನ ಈಚೆ ಕೂತು ಕಂಡದ್ದನ್ನೂ ಹೇಳಲೇಬೇಕು.

ಸಮಾಲೋಚನಾ ಸಭೆಗಳಿಗೆ ಮುಖ್ಯಶಿಕ್ಷಕರನ್ನು ನಾವು ಕರೆದಿದ್ದೇವೆ. ಒಂದಲ್ಲ, ಎಷ್ಟೋ ಸಲ. "ಮುಂದಿನ ಹತ್ತು ವರ್ಷಕ್ಕೆ ಏನು ಬೇಕು?" ಎಂದು ಕೇಳಿದರೆ ಬರುತ್ತಿದ್ದ ಉತ್ತರ: ಖಾಲಿ ಹುದ್ದೆ ತುಂಬಿ, ಕೊಠಡಿ ಕಟ್ಟಿಸಿ, ವರ್ಗಾವಣೆ ನಿಯಮ ಸಡಿಲಿಸಿ. ಇವೆಲ್ಲ ಬೇಕಾದವೇ, ನಾನು ತಳ್ಳಿಹಾಕುತ್ತಿಲ್ಲ. ಆದರೆ ಅವು ಈ ವರ್ಷದ ಕೊರತೆಗಳು. ತಮ್ಮ ಶಾಲೆಯ ಗೇಟಿನಾಚೆ ನೋಡಿ ಮಾತಾಡಿದವರು ಬೆರಳೆಣಿಕೆಯಷ್ಟು.

ಇನ್ನೊಂದು. ದೊಡ್ಡ ಸುಧಾರಣೆಗಳು ಶಾಲೆಯಿಂದ ಮೇಲಕ್ಕೆ ಹೋದದ್ದಕ್ಕಿಂತ ಮೇಲಿನಿಂದ ಕೆಳಕ್ಕೆ ಬಂದದ್ದೇ ಹೆಚ್ಚು. ಎಲ್ಲರೂ ಹೊಗಳುವ ಫಿನ್ಲೆಂಡ್ ತಗೊಳ್ಳಿ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಒಂಬತ್ತು ವರ್ಷದ ಶಾಲೆ ಎಂದು ತೀರ್ಮಾನಿಸಿದ್ದು 1968ರಲ್ಲಿ ಅಲ್ಲಿನ ಸಂಸತ್ತು. ಆಗ ಶಿಕ್ಷಕರಲ್ಲೇ ಅನೇಕರು ವಿರೋಧಿಸಿದ್ದರು. ಶಾಲೆಯವರ ಒಪ್ಪಿಗೆಗೇ ಕಾದಿದ್ದರೆ ಅದು ಆಗುತ್ತಿತ್ತೇ?

ಗಣಿತದ ಮೇಡಂ

ಇಬ್ಬರ ಮಾತನ್ನೂ ಓದಿದೆ. ಒಂದು ಕೊಂಡಿ ಇಬ್ಬರಲ್ಲೂ ಬಿಟ್ಟುಹೋಗಿದೆ.

ಇಲಾಖೆ ನಮ್ಮನ್ನು ಕೇಳಲಿಲ್ಲ ಅಂತ ಮುಖ್ಯಶಿಕ್ಷಕರು ಹೇಳುತ್ತಾರೆ. ಮುಖ್ಯಶಿಕ್ಷಕರು ನಮ್ಮನ್ನು ಕೇಳಿದ್ದು ಯಾವಾಗ? ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಐದು ವರ್ಷದ "ಶಾಲಾ ಅಭಿವೃದ್ಧಿ ಯೋಜನೆ"ಯನ್ನು ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ಬರೆದರು. ನಮಗೆ ಸಿಕ್ಕಿದ್ದು ಕೊನೆಯ ಪುಟ, ಸಹಿ ಹಾಕಲಿಕ್ಕೆ. ಅದರೊಳಗೆ ಗಣಿತಕ್ಕೆ ಏನು ಗುರಿ ಇಟ್ಟಿದ್ದಾರೆ ಅಂತ ನನಗೆ ಗೊತ್ತಾಗಿದ್ದು ತಪಾಸಣೆಗೆ ಬಂದವರು ಕೇಳಿದಾಗ.

ಮೇಲಿನಿಂದ ಗುರಿ, ಕೆಳಗೆ ಭಯ, ಈ ಎರಡು ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳ ಪ್ರಕರಣ ನೋಡಬೇಕು. ಅಲ್ಲಿ ಅಂಕ ಏರಿಸಿದ ಶಾಲೆಗಳಿಗೆ ಬಹುಮಾನ, ಏರಿಸದಿದ್ದವರಿಗೆ ಕುರ್ಚಿ ಹೋಗುವ ಭಯ. 2011ರಲ್ಲಿ ರಾಜ್ಯದ ತನಿಖಾ ವರದಿ ಬಂದಾಗ 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಪ್ರಾಂಶುಪಾಲರು ಉತ್ತರಪತ್ರಿಕೆ ತಿದ್ದಿದ ವಿಷಯ ಹೊರಬಿತ್ತು. ಮಕ್ಕಳು ಬರೆದ ತಪ್ಪು ಉತ್ತರ ಅಳಿಸಿ ಸರಿ ಉತ್ತರ ಗುರುತಿಸಿದ್ದರು. ಓದಲು ಬಾರದ ಮಗುವಿಗೆ ಓದು ಬಂದಿದೆ ಅಂತ ಕಾಗದ ಹೇಳಿದ ಮೇಲೆ, ಅದಕ್ಕೆ ಸಿಗಬೇಕಾದ ನೆರವನ್ನೂ ಕಿತ್ತುಕೊಂಡ ಹಾಗೆ ಅಲ್ಲವೇ? ಕಪ್ಪುಹಲಗೆ ಸರ್ ಹೇಳಿದ ಆ ಹುಡುಗನ ಬೆರಳು ಓದುವಾಗ ನನಗೆ ಇದೇ ನೆನಪಾಯಿತು.

ದೂರದೃಷ್ಟಿ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮುಖ್ಯಶಿಕ್ಷಕರಷ್ಟೇ ಕೂತು ಬರೆದರೆ ನಮ್ಮ ಪಾಲಿಗೆ ಅದು ಇನ್ನೊಂದು ಸುತ್ತೋಲೆ.

ಕಪ್ಪುಹಲಗೆ

ಮೇಡಂ, ನೀವು ಹೇಳಿದ್ದನ್ನು ಒಪ್ಪಿಕೊಂಡೆ. ನಾನೂ ಹಾಗೆ ಒಂದು ಮಧ್ಯಾಹ್ನದಲ್ಲಿ ಯೋಜನೆ ಬರೆದವನೇ, ಸಹಿ ಹಾಕಿಸಿಕೊಂಡವನೇ. ಆ ಮೂರನೇ ತರಗತಿಯ ಟೀಚರಿಗೆ 17 ಮಕ್ಕಳ ವಿಷಯ ನನಗಿಂತ ಮೊದಲೇ ಗೊತ್ತಿತ್ತು. "ಯಾಕಮ್ಮ ಹೇಳಲಿಲ್ಲ?" ಅಂದೆ. "ನೀವು ಕೇಳಿದ್ದು ಅಂಕ ಸರ್" ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ಕಡತ ಸರ್, ಫಿನ್ಲೆಂಡ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ಆದರೆ ಅರ್ಧ. 1968ರ ಕಾನೂನನ್ನು ಅವರು ಮರುವರ್ಷವೇ ದೇಶವಿಡೀ ಹೇರಲಿಲ್ಲ. 1972ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡ್‌ನಿಂದ ಶುರುಮಾಡಿ, ಪ್ರದೇಶದಿಂದ ಪ್ರದೇಶಕ್ಕೆ ಇಳಿದು, 1977ರ ಹೊತ್ತಿಗೆ ದಕ್ಷಿಣದ ರಾಜಧಾನಿಯ ಸುತ್ತಮುತ್ತ ಮುಗಿಸಿದರು. ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ಒಯ್ದು, 1979ರಿಂದ ಸ್ನಾತಕೋತ್ತರ ಪದವಿ ಕಡ್ಡಾಯ ಮಾಡಿದರು. ಆ ಶಿಕ್ಷಕರು ಬೆಳೆದು ನಿಂತ ಮೇಲೆ, 1990ರ ದಶಕದ ಆರಂಭದಲ್ಲಿ ಶಾಲಾ ತಪಾಸಣೆಯನ್ನೇ ತೆಗೆದುಹಾಕಿದರು. ಜಗತ್ತು ಫಿನ್ಲೆಂಡ್ ಕಡೆ ತಿರುಗಿ ನೋಡಿದ್ದು, ಹಲವು ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಹೋಲಿಸುವ ಪೀಸಾ ಪರೀಕ್ಷೆಯ ಮೊದಲ ಫಲಿತಾಂಶ ಬಂದ 2001ರ ಕೊನೆಯಲ್ಲಿ. ಕಾನೂನಾಗಿ 33 ವರ್ಷದ ನಂತರ! ಇತ್ತೀಚಿನ ವರ್ಷಗಳಲ್ಲಿ ಅವರ ಅಂಕಗಳೂ ಇಳಿದಿವೆ, ಅದು ಬೇರೆ ಚರ್ಚೆ. ನಾನು ಹೇಳುವುದು ಕ್ರಮದ ಬಗ್ಗೆ. ಮೊದಲು ಶಿಕ್ಷಕರನ್ನು ತಯಾರು ಮಾಡಿದರು, ನಂಬಿಕೆ ಇಟ್ಟದ್ದು ಆಮೇಲೆ. ನಾವು ಎರಡನ್ನೂ ಒಂದೇ ಆದೇಶದಲ್ಲಿ ಬಯಸುತ್ತೇವೆ.

ಇನ್ನು ಮುಖ್ಯಶಿಕ್ಷಕರು ಕೊಠಡಿ, ಹುದ್ದೆ ಮಾತ್ರ ಕೇಳುತ್ತಾರೆ ಅಂದಿರಿ. ಬೆಳಿಗ್ಗೆ ನೋಟಿಸ್ ಕೊಟ್ಟು ಮಧ್ಯಾಹ್ನ ಸಭೆ ಕರೆದರೆ ಬಾಯಿಗೆ ಬರುವುದು ಅವತ್ತಿನ ಸಂಕಟ. ಹತ್ತು ವರ್ಷದ ಮಾತು ಬೇಕಾದರೆ ಹತ್ತು ತಿಂಗಳು ಮೊದಲೇ ಕೇಳಬೇಕು.

ಹೊಸ ಎಚ್‌ಎಂ

ಎಲ್ಲರಿಗೂ ನಮಸ್ಕಾರ, ನಾನು ಈ ಹುದ್ದೆಗೆ ಬಂದು 14 ತಿಂಗಳಾಯಿತು. ದೊಡ್ಡವರೆಲ್ಲ ಮಾತಾಡುತ್ತಿದ್ದೀರಿ, ನನ್ನದೊಂದು ಚಿಕ್ಕ ಸಂಕಟ.

ನಿನ್ನೆಯ ದಿನ ಹೇಳುತ್ತೇನೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಫೋನ್, ಮಕ್ಕಳ ದಾಖಲೆಯ ಮಾಹಿತಿ ಆನ್‌ಲೈನ್‌ನಲ್ಲಿ ಸಂಜೆಯೊಳಗೆ ತುಂಬಬೇಕು. ಇಬ್ಬರು ಶಿಕ್ಷಕರು ತರಬೇತಿಗೆ ಹೋಗಿದ್ದರು, ಒಬ್ಬರು ರಜೆ. ನಾನೇ ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ ಕೂರಿಸಿಕೊಂಡೆ. ನೀರಿನ ಮೋಟರ್ ಕೆಟ್ಟಿತ್ತು. ಒಬ್ಬ ಹುಡುಗಿ ಮೂರು ವಾರದಿಂದ ಬಂದಿರಲಿಲ್ಲ, ಅವಳ ಮನೆಗೆ ಹೋಗಬೇಕು ಅಂತ ಹೊರಟವಳು ಗೇಟಿನವರೆಗೆ ಹೋಗಿ ವಾಪಸ್ ಬಂದೆ, ಯಾಕೆಂದರೆ ಸರ್ವರ್ ಆಗಷ್ಟೇ ಓಪನ್ ಆಗಿತ್ತು. ಸಂಜೆ ಮಾಹಿತಿ ಹೋಯಿತು. ಹುಡುಗಿಯ ಮನೆಗೆ ಹೋಗಲಾಗಲಿಲ್ಲ.

ಇದರ ಮಧ್ಯೆ 12 ವರ್ಷದ ನೀತಿ ಬಗ್ಗೆ ಯೋಚಿಸುವುದು ಹೇಗೆ? ಬೇಜಾರಿನಿಂದ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕಾಗಿದೆ. ತಪಾಸಣೆ ದಿನ ಬಂದರಂತೂ ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುವ ಸ್ಥಿತಿ.

ಎರಡನೇ ಗಂಟೆ

ಮೇಡಂ, ನಿಮ್ಮ ನಿನ್ನೆಯ ದಿನವೇ ನೀತಿಗೆ ಬೇಕಾದ ಮಾಹಿತಿ. ಹುಡುಗಿಯ ಮನೆಯೋ ಸರ್ವರೋ ಎಂದು ಆರಿಸಿಕೊಳ್ಳಬೇಕಾಗಿ ಬಂದ ಆ ಕ್ಷಣವನ್ನು ಬರೆದಿಡಿ. ನೂರು ಶಾಲೆಯವರು ಅಂಥದ್ದೇ ನೂರು ಕ್ಷಣ ಬರೆದಿಟ್ಟರೆ, "ಮುಖ್ಯಶಿಕ್ಷಕರ ದಿನದ ಎಷ್ಟು ಹೊತ್ತು ಮಕ್ಕಳಿಗೆ ಸಿಗಬೇಕು" ಅನ್ನುವುದು ನೀತಿಯ ಮೊದಲ ಪ್ರಶ್ನೆಯಾಗುತ್ತದೆ. ಶಾಲೆಯೊಳಗಿನ ಅಂಶಗಳಲ್ಲಿ ತರಗತಿಯ ಬೋಧನೆ ಬಿಟ್ಟರೆ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುವುದು ಶಾಲೆಯ ನಾಯಕತ್ವ ಎಂದು ಶಿಕ್ಷಣ ಸಂಶೋಧಕ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲೇ ಹೇಳಿದ್ದಾರೆ. ಅಂಥ ಹುದ್ದೆಯಲ್ಲಿ ಇರುವವರ ಸಮಯವನ್ನು ಡೇಟಾ ಎಂಟ್ರಿಗೆ ಸುರಿಯುವುದು ದೊಡ್ಡ ನಷ್ಟ.

ನಾನು ಶಿಕ್ಷಕರ ತರಬೇತಿ ಕ್ಷೇತ್ರದಲ್ಲಿದ್ದೇನೆ. ನನಗೆ ಇಷ್ಟವಾದ ಒಂದು ಉದಾಹರಣೆ ಸಿಂಗಾಪುರದ್ದು. ಅಲ್ಲಿ ಆರನೇ ತರಗತಿಯ ಕೊನೆಯ ಪರೀಕ್ಷೆ ಬಹಳ ಒತ್ತಡದ್ದು. ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಿ ಅಂಕ ಕೊಡುವ ಪದ್ಧತಿ ಬದಲಿಸುತ್ತೇವೆ ಎಂದು 2016ರಲ್ಲಿ ಪ್ರಕಟಿಸಿದರು. ಜಾರಿಗೆ ಬಂದದ್ದು 2021ರಲ್ಲಿ. ಲೆಕ್ಕ ಹಾಕಿ ನೋಡಿ, ಪ್ರಕಟಿಸಿದ ವರ್ಷ ಒಂದನೇ ತರಗತಿಯಲ್ಲಿದ್ದ ಮಕ್ಕಳೇ ಹೊಸ ಪದ್ಧತಿಯ ಮೊದಲ ತಂಡ. ನಡುದಾರಿಯಲ್ಲಿ ಯಾವ ಮಗುವಿಗೂ ನಿಯಮ ಬದಲಾಗಲಿಲ್ಲ. ಇಷ್ಟು ಸಣ್ಣ ಸೌಜನ್ಯ ಎಷ್ಟು ಕಡೆ ಇದೆ ಹೇಳಿ? ಹತ್ತನೇ ತರಗತಿಯ ಅರ್ಧ ವರ್ಷ ಕಳೆದ ಮೇಲೆ ಪ್ರಶ್ನೆಪತ್ರಿಕೆಯ ಮಾದರಿ ಬದಲಾದದ್ದನ್ನು ನಾನೇ ಕಂಡಿದ್ದೇನೆ.

ಸಿಂಗಾಪುರದಲ್ಲಿ ಇನ್ನೊಂದು ಪದ್ಧತಿ ಇದೆ. ಶಾಲೆಯ ಪ್ರಾಂಶುಪಾಲರು ಕೆಲ ವರ್ಷ ಸಚಿವಾಲಯಕ್ಕೆ ಹೋಗಿ ನೀತಿಯ ಕೆಲಸ ಮಾಡುತ್ತಾರೆ, ಮತ್ತೆ ಶಾಲೆಗೆ ಬರುತ್ತಾರೆ. ತಾನು ಬರೆದ ಸುತ್ತೋಲೆಯನ್ನು ನಾಳೆ ತಾನೇ ಜಾರಿ ಮಾಡಬೇಕು ಅಂತ ಗೊತ್ತಿದ್ದರೆ ಬರೆಯುವ ಕೈ ಬೇರೆ ರೀತಿ ಓಡುತ್ತದೆ.

ಕಡತ

ಈ ಕೊನೆಯ ಮಾತಿಗೆ ನನ್ನ ಪೂರ್ತಿ ಸಹಮತ. ನಮ್ಮಲ್ಲಿ ಶಾಲೆಯಿಂದ ಕಚೇರಿಗೆ ಬಂದವರು ಮತ್ತೆ ಶಾಲೆಗೆ ಹೋಗುವುದನ್ನು ಹಿಂಬಡ್ತಿ ಅಂದುಕೊಳ್ಳುತ್ತಾರೆ. ಆ ಭಾವನೆ ಹೋಗದೆ ಏನೂ ಆಗದು.

ಆದರೆ ಒಂದು ಎಚ್ಚರ. ಸಿಂಗಾಪುರ ಚಿಕ್ಕ ದೇಶ, ಒಂದೇ ಪಕ್ಷದ ಆಡಳಿತ ದಶಕಗಳಿಂದ ಇದೆ. ಮುಂದುವರಿಕೆ ಅಲ್ಲಿ ಸುಲಭ. ಸರ್ಕಾರ ಬದಲಾಗುತ್ತಲೇ ಇರುವ ಕಡೆ ಏನು ಮಾಡುತ್ತೀರಿ?

ಲೆಕ್ಕದ ಪುಸ್ತಕ

ಅದಕ್ಕೇ ಹಣದ ಮಾತು ಬರಬೇಕು. ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ.

ಬಜೆಟ್ ವರ್ಷಕ್ಕೊಂದು. ನೀತಿ 12 ವರ್ಷದ್ದು ಅಂದರೂ ಮಾರ್ಚ್ ಕೊನೆಗೆ ಖರ್ಚಾಗದ ಹಣ ವಾಪಸ್. ಅದಕ್ಕೇ ಒಂದು ವರ್ಷದಲ್ಲಿ ಮುಗಿಯುವ ಕೆಲಸಗಳೇ ಎದ್ದು ಕಾಣುತ್ತವೆ: ಬಣ್ಣ, ಫಲಕ, ಟ್ಯಾಬ್. ಓದು ಕಲಿಸುವುದು ಮಾರ್ಚ್‌ಗೆ ಮುಗಿಯುವ ಕೆಲಸ ಅಲ್ಲ.

ಭಾರತದ ಚರಿತ್ರೆಯನ್ನೇ ನೋಡಿ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಎರಡು ಮಾತು ಹೇಳಿತು. 1985–86ರ ಹೊತ್ತಿಗೆ ರಾಷ್ಟ್ರೀಯ ವರಮಾನದ ಶೇ 6 ಶಿಕ್ಷಣಕ್ಕೆ ಹೋಗಬೇಕು. ಒಂದು ಪ್ರೌಢಶಾಲೆ ಮತ್ತು ಸುತ್ತಲಿನ ಪ್ರಾಥಮಿಕ ಶಾಲೆಗಳು ಸೇರಿ ಒಂದು ಶಾಲಾ ಸಂಕೀರ್ಣವಾಗಬೇಕು, ಶಿಕ್ಷಕರು, ಪ್ರಯೋಗಾಲಯ, ಪುಸ್ತಕ ಎಲ್ಲ ಹಂಚಿಕೊಳ್ಳಬೇಕು. 2020ರ ರಾಷ್ಟ್ರೀಯ ನೀತಿ ತೆರೆದರೆ ಅವೇ ಎರಡು ಮಾತು ಮತ್ತೆ ಇವೆ, ಶೇ 6 ಮತ್ತು ಶಾಲಾ ಸಂಕೀರ್ಣ. 54 ವರ್ಷದಲ್ಲಿ ದೂರದೃಷ್ಟಿಯ ಕೊರತೆ ಇರಲಿಲ್ಲ. ಅದನ್ನು ಪ್ರತಿ ಬಜೆಟ್‌ನಲ್ಲೂ ನೆನಪಿಸುವವರ ಕೊರತೆ ಇತ್ತು. ಮುಖ್ಯಶಿಕ್ಷಕರ ಗುಂಪು ಮಾಡಬೇಕಾದ ಕೆಲಸ ಅದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿವರ್ಷ, ಬಜೆಟ್‌ಗೆ ಮೂರು ತಿಂಗಳು ಮುಂಚೆ, ಅದೇ ಪಟ್ಟಿ. ಹೊಸದು ಬರೆಯಬೇಕಿಲ್ಲ. ಹಳೆಯದರಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಅಷ್ಟೇ ಹೇಳಿದರೆ ಸಾಕು.

ಇಬ್ಬರು ಮಕ್ಕಳ ಅಮ್ಮ

ನಾನು ಶಿಕ್ಷಕಿ ಅಲ್ಲ. ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲಿದ್ದಾರೆ. ಮಾತಾಡಬಹುದಾ ಅಂತ ಎರಡು ದಿನ ಯೋಚಿಸಿದೆ.

ಪೋಷಕರ ಸಭೆಗೆ ತಪ್ಪದೆ ಹೋಗುತ್ತೇನೆ. ಅಲ್ಲಿ ನಮಗೆ ಹೇಳುವುದು ಮಗು ದಿನಾ ಬರಲಿ, ಶುಚಿಯಾಗಿ ಬರಲಿ, ಮನೆಯಲ್ಲಿ ಓದಿಸಿ. ನಮ್ಮ ಮಗು ಐದನೇ ತರಗತಿ ಮುಗಿಸುವಾಗ ಏನು ಬಂದಿರಬೇಕು, ಎಂಟು ಮುಗಿಸುವಾಗ ಏನು ಬಂದಿರಬೇಕು ಅಂತ ಯಾರೂ ಇವತ್ತಿನವರೆಗೆ ಹೇಳಿಲ್ಲ. ಅಂಕಪಟ್ಟಿಯಲ್ಲಿ ಎ ಇತ್ತು, ಬಿ ಇತ್ತು. ದೊಡ್ಡವಳು ಆರನೇ ತರಗತಿಗೆ ಬಂದಾಗ ಭಾಗಾಕಾರ ಬರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಅವಳು ರಾತ್ರಿ ಅಳುತ್ತಾ ಕೂತಾಗ.

ನೀವು ಬರೆಯುವ ನೀತಿಯನ್ನು ನನ್ನಂಥವಳು ಓದಿದರೆ ತಿಳಿಯುವ ಹಾಗಿರಲಿ. ಸರ್ಕಾರ ಬದಲಾದರೆ ಯಾರು ಹಿಡಿದು ಕೇಳುತ್ತಾರೆ ಅಂದರಲ್ಲ, ನಮಗೆ ತಿಳಿದಿದ್ದರೆ ನಾವು ಕೇಳುತ್ತೇವೆ. ನಮ್ಮ ಮಕ್ಕಳು 12 ವರ್ಷವೂ ಅಲ್ಲೇ ಇರುತ್ತಾರೆ.

ಕಪ್ಪುಹಲಗೆ

ಅಮ್ಮಾ, ದಯವಿಟ್ಟು ಇನ್ನುಮುಂದೆ ಎರಡು ದಿನ ಯೋಚಿಸಬೇಡಿ, ಮಾತಾಡಿ. ಕಡತ ಸರ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇಲ್ಲದಿದ್ದ ಉತ್ತರ ನೀವು ಕೊಟ್ಟಿರಿ.

ಎರಡನೇ ಗಂಟೆ

ಇಬ್ಬರು ಮಕ್ಕಳ ಅಮ್ಮ ಹೇಳಿದ್ದಕ್ಕೆ ಹತ್ತಿರದ ಒಂದು ಅನುಭವ ಬ್ರೆಜಿಲ್‌ನಲ್ಲಿ ಆಗಿದೆ. ಸಿಯಾರಾ ರಾಜ್ಯದ ಸೊಬ್ರಾಲ್ ಎಂಬ ಊರು, ಬಡ ಪ್ರದೇಶ. ಸುಮಾರು 2000ದಲ್ಲಿ ಅಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ ನೋಡಿದಾಗ ಆರಂಭಿಕ ತರಗತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಕಪ್ಪುಹಲಗೆ ಸರ್ ಅವರ ಬೆಂಚೇ! ಅವರು ಇಟ್ಟುಕೊಂಡ ಮೊದಲ ಗುರಿ ಒಂದೇ, ಏಳನೇ ವಯಸ್ಸಿನ ಹೊತ್ತಿಗೆ ಪ್ರತಿ ಮಗುವೂ ಓದಬೇಕು. ಇದು ಯಾವ ತಾಯಿಗೂ ಅರ್ಥವಾಗುವ ಗುರಿ.

ರಾಜಕಾರಣಿಗಳ ಶಿಫಾರಸಿನ ಮೇಲೆ ಆಗುತ್ತಿದ್ದ ಪ್ರಾಂಶುಪಾಲರ ನೇಮಕ ನಿಲ್ಲಿಸಿ, ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆ ಮಾಡಿದರು. ಅವರ ಕೈಗೆ ಹಣ ಮತ್ತು ನಿರ್ಧಾರದ ಅಧಿಕಾರ ಕೊಟ್ಟರು. ಆಗಾಗ ಹೊರಗಿನವರು ಬಂದು ಪ್ರತಿ ಮಗುವಿನ ಓದು ಕೇಳುತ್ತಿದ್ದರು. ರಾಷ್ಟ್ರೀಯ ಶಿಕ್ಷಣ ಸೂಚ್ಯಂಕದಲ್ಲಿ ಅಲ್ಲಿನ ಪ್ರಾಥಮಿಕ ಹಂತ 2005ರಲ್ಲಿ ಹತ್ತಕ್ಕೆ 4.0 ಇದ್ದದ್ದು 2017ರಲ್ಲಿ 9.1ಕ್ಕೆ ಬಂತು. ಸರಿಯಾಗಿ 12 ವರ್ಷ.

ಅಲ್ಲಿ ಒಂದೇ ರಾಜಕೀಯ ಗುಂಪು ದೀರ್ಘಕಾಲ ಆಡಳಿತದಲ್ಲಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ಕಡತ ಸರ್ ಕೇಳುವ ಮೊದಲೇ. ಆದರೆ ಲಂಡನ್‌ನಲ್ಲಿ ಹಾಗಿರಲಿಲ್ಲ. 2003ರಲ್ಲಿ ಶುರುವಾದ ಅಲ್ಲಿನ ಶಾಲಾ ಸುಧಾರಣೆ ಕಾರ್ಯಕ್ರಮದಲ್ಲಿ ಚೆನ್ನಾಗಿ ನಡೆಯುವ ಶಾಲೆಯ ಮುಖ್ಯಸ್ಥರು ಸೊರಗಿದ ಶಾಲೆಯವರ ಜೊತೆ ಕೂತು ಕೆಲಸ ಮಾಡಿದರು. ಮಂತ್ರಿಗಳು ಒಬ್ಬರ ಹಿಂದೊಬ್ಬರು ಬದಲಾದರು, 2010ರಲ್ಲಿ ಸರ್ಕಾರವೇ ಬದಲಾಯಿತು, 2011ರಲ್ಲಿ ಕಾರ್ಯಕ್ರಮ ಮುಗಿಯಿತು. ಅಷ್ಟರಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ಲಂಡನ್ ಫಲಿತಾಂಶ ಅದಕ್ಕಿಂತ ಮೇಲೇರಿತ್ತು. ಮುಖ್ಯಸ್ಥರ ನಡುವೆ ಬೆಳೆದ ಒಡನಾಟ ಸುಧಾರಣೆಯನ್ನು ಹಿಡಿದು ನಡೆಸಿತ್ತು ಅನ್ನುವುದು ನನ್ನ ನಂಬಿಕೆ.

ಗಣಿತದ ಮೇಡಂ

ಸೊಬ್ರಾಲ್ ಚೆನ್ನಾಗಿದೆ. ಆದರೆ ಸಂಖ್ಯೆ ಬಂದ ಕಡೆ ನನಗೆ ಅಟ್ಲಾಂಟಾ ನೆನಪಾಗುತ್ತದೆ, ಕ್ಷಮಿಸಿ. ಅಮೆರಿಕದಲ್ಲಿ 2002ರಲ್ಲಿ ಸಹಿಯಾದ ಕಾನೂನು, 2014ರ ಹೊತ್ತಿಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಎಂದಿತು. ಅದೂ 12 ವರ್ಷದ ದೀರ್ಘಾವಧಿ ಗುರಿಯೇ! ಮಾತು ಎಷ್ಟು ಸುಂದರ. ಮುಟ್ಟದ ಶಾಲೆಗೆ ದಂಡನೆ ಅಂತ ಬಂದ ಮೇಲೆ, ಕೆಲವು ರಾಜ್ಯಗಳು ಮಟ್ಟವನ್ನೇ ಇಳಿಸಿಕೊಂಡವು. ಗುರಿ ಮುಟ್ಟಲಿಲ್ಲ, 2015ರಲ್ಲಿ ಕಾನೂನೇ ಬದಲಾಯಿತು.

ಹಾಗಾದರೆ ಸೊಬ್ರಾಲ್‌ಗೂ ಅದಕ್ಕೂ ಏನು ವ್ಯತ್ಯಾಸ? ನನಗೆ ಅನ್ನಿಸುವುದು, ಓದು ಬಾರದ ಮಗು ಸಿಕ್ಕಾಗ ಮುಂದೇನು ಅನ್ನುವ ಪ್ರಶ್ನೆ. ಒಂದು ಕಡೆ ಶಾಲೆಗೆ ಛೀಮಾರಿ. ಇನ್ನೊಂದು ಕಡೆ ಆ ಮಗುವಿಗೆ ಹೆಚ್ಚು ಪಾಠ, ಆ ಶಿಕ್ಷಕಿಗೆ ಹೆಚ್ಚು ನೆರವು. ನೀವು ಏನೇ ಬರೆಯಿರಿ, ಈ ಎರಡನೆಯದನ್ನು ಮೊದಲು ಬರೆಯಿರಿ. 17 ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ನಿಜ ಬರೆದ ಮುಖ್ಯಶಿಕ್ಷಕರಿಗೆ ನೋಟಿಸ್ ಬಂದರೆ, ಮರುವರ್ಷ ಎಲ್ಲರೂ ಮತ್ತೆ ಶೇ 92 ಬರೆಯುತ್ತಾರೆ.

ಕಡತ

ಗಣಿತದ ಮೇಡಂ, ಇದನ್ನು ಇಲಾಖೆಯವನಾಗಿ ಒಪ್ಪುತ್ತೇನೆ. ಅಂಥ ನೋಟಿಸ್‌ಗಳಿಗೆ ನಾನು ಸಹಿ ಹಾಕಿದ್ದೇನೆ. "ಕಾರಣ ಕೇಳಿ" ಎಂದೇ ಶುರುವಾಗುತ್ತಿತ್ತು. ಉತ್ತರ ಬಂದರೆ ಕಡತಕ್ಕೆ ಹೋಗುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಆ ಉತ್ತರಗಳಲ್ಲಿ ಎಷ್ಟೋ ಸತ್ಯ ಇತ್ತು ಎಂದು ಈಗ ಅನ್ನಿಸುತ್ತದೆ. ಕೊಠಡಿ, ಹುದ್ದೆ ಎಂದು ಮಾತ್ರ ಕೇಳುತ್ತಾರೆ ಎಂದಿದ್ದೆನಲ್ಲ, ಬೇರೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳುವವರು ಇದ್ದಾರೆ ಎಂಬ ಭರವಸೆ ನಾವು ಕೊಟ್ಟಿರಲಿಲ್ಲ.

ಕಪ್ಪುಹಲಗೆ ಸರ್, ನೀವು ಬರೆಯಲು ಶುರುಮಾಡಿ. ಯಾವ ಮಾತು ನಿಯಮಕ್ಕೆ ಹೊಂದುತ್ತದೆ, ಯಾವುದಕ್ಕೆ ಕಾನೂನು ತಿದ್ದುಪಡಿ ಬೇಕು, ಯಾವುದು ಬರೀ ಒಂದು ಆದೇಶದಲ್ಲಿ ಆಗುತ್ತದೆ ಎಂದು ವಿಂಗಡಿಸಿ ಕೊಡುವ ಕೆಲಸ ನನಗೆ ಬಿಡಿ. ಅದು ನನಗೆ ಬರುತ್ತದೆ.

ಕಪ್ಪುಹಲಗೆ

ಹತ್ತು ದಿನದಿಂದ ಪರಿಚಯದ ಒಂಬತ್ತು ಜನ ಮುಖ್ಯಶಿಕ್ಷಕರ ಜೊತೆ ಫೋನಿನಲ್ಲಿ ಮಾತಾಡಿದೆ. ಪ್ರತಿಯೊಬ್ಬರಿಗೂ ತಮ್ಮ ಶಾಲೆಯ ಇಬ್ಬರು ಶಿಕ್ಷಕರನ್ನು ಸೇರಿಸಿಕೊಳ್ಳಲು ಹೇಳಿದ್ದೇನೆ, ಮೇಡಂ ಮಾತಿನಂತೆ. ಒಂದೇ ಪುಟ ಬರೆಯೋಣ ಎಂದು ತೀರ್ಮಾನವಾಗಿದೆ. ಕರಡು ಹೀಗಿದೆ, ತಿದ್ದಿ.

ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಹೊಸ ಪುಟವನ್ನು ಓದಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಇದನ್ನು ವರ್ಷಕ್ಕೆ ಎರಡು ಸಲ, ಮಗುವಿನ ಪಕ್ಕ ಕೂತು ನೋಡಬೇಕು, ಮನೆಯವರಿಗೆ ತಿಳಿಸಬೇಕು. ಈ ಮಾಹಿತಿಯ ಮೇಲೆ ಯಾವ ಶಾಲೆಗೂ ಶಿಕ್ಷಕರಿಗೂ ಶಿಕ್ಷೆ ಇರಬಾರದು, ಎಲ್ಲಿ ಹೆಚ್ಚು ಮಕ್ಕಳು ಹಿಂದಿದ್ದಾರೋ ಅಲ್ಲಿಗೆ ಮೊದಲು ಶಿಕ್ಷಕರು ಬರಬೇಕು. ಮುಖ್ಯಶಿಕ್ಷಕರ ಶಾಲಾ ದಿನದ ಅರ್ಧ ಹೊತ್ತು ತರಗತಿ ಮತ್ತು ಮಕ್ಕಳಿಗೆ ಮೀಸಲು, ಆ ಹೊತ್ತಿನಲ್ಲಿ ಮಾಹಿತಿ ಕೇಳುವಂತಿಲ್ಲ. ಪಠ್ಯ, ಪರೀಕ್ಷೆ ಬದಲಿಸುವುದಾದರೆ ಆ ಹಂತಕ್ಕೆ ಹೊಸದಾಗಿ ಸೇರುವ ಮಕ್ಕಳಿಂದ ಶುರುವಾಗಬೇಕು, ನಡುವೆ ಬೇಡ. ಮುಖ್ಯಶಿಕ್ಷಕರು ಸರದಿಯ ಮೇಲೆ ಎರಡು ವರ್ಷ ನೀತಿ ರೂಪಿಸುವ ಕಚೇರಿಯಲ್ಲಿ ಕೆಲಸ ಮಾಡಿ ಮತ್ತೆ ಶಾಲೆಗೆ ಮರಳಬೇಕು.

ಹುದ್ದೆ, ಕೊಠಡಿಯ ಬಗ್ಗೆ ಇದರಲ್ಲಿ ಬರೆದಿಲ್ಲ. ಒಂಬತ್ತರಲ್ಲಿ ನಾಲ್ವರಿಗೆ ಅದು ಒಪ್ಪಿಗೆಯಾಗಿಲ್ಲ, ಜಗಳವೇ ಆಯಿತು. ಶಿಕ್ಷಕರೇ ಇಲ್ಲದ ಕಡೆ ಪಕ್ಕ ಕೂತು ಓದಿಸುವವರು ಯಾರು ಎಂದರು. ಅವರ ಮಾತಿನಲ್ಲಿ ಹುರುಳಿದೆ, ಹಾಗಾಗಿ ಅದನ್ನು ಹೇಗೆ ಸೇರಿಸಬೇಕು ಎಂದು ಲೆಕ್ಕದ ಪುಸ್ತಕ ಅವರು ದಾರಿ ತೋರಿಸಬೇಕು.

ಲೆಕ್ಕದ ಪುಸ್ತಕ

ಸೇರಿಸಿ ಸರ್. "ಹುದ್ದೆ ತುಂಬಿ" ಅಂತ ಬರೆಯಬೇಡಿ. ಮುಂದಿನ ಐದು ವರ್ಷದಲ್ಲಿ ನಿಮ್ಮ ಹತ್ತು ಶಾಲೆಗಳಲ್ಲಿ ಯಾರು ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆ ಅನ್ನುವ ಪಟ್ಟಿ ಕೊಡಿ. ನಿವೃತ್ತಿಯ ದಿನಾಂಕ ಸೇವಾ ಪುಸ್ತಕದಲ್ಲಿ ಮೊದಲ ದಿನವೇ ಗೊತ್ತಿರುತ್ತದೆ. ಖಾಲಿಯಾಗುವ ಮೊದಲೇ ಗೊತ್ತಿರುವ ಹುದ್ದೆಗೆ ಖಾಲಿಯಾದ ಮೇಲೆ ಪತ್ರ ಬರೆಯುವ ಪದ್ಧತಿ ನಿಲ್ಲಲಿ. ಪಟ್ಟಿ ಕಳಿಸಿ, ಖರ್ಚಿನ ಅಂದಾಜು ನಾನು ಹಾಕುತ್ತೇನೆ.

ಹೊಸ ಎಚ್‌ಎಂ

ಸರ್, ಮೇಡಂ, ನಾನೂ ಬೆಂಚು ಹಾಕಿದೆ. ಒಂದು ವಾರ ದಿನಕ್ಕೆ ಆರು ಮಕ್ಕಳಂತೆ, ಬೆಳಿಗ್ಗೆ ಮೊದಲ ಅವಧಿ, ಫೋನ್ ಟೀಚರ್ ಕೈಗೆ ಕೊಟ್ಟು. ಮೂರನೇ ತರಗತಿಯಲ್ಲಿ 29 ಮಕ್ಕಳು, 12 ಮಕ್ಕಳಿಗೆ ಹೊಸ ಪುಟ ಓದಲು ಬರುತ್ತಿಲ್ಲ. ಹೆಸರು, ಎಲ್ಲಿ ತಡೆಯುತ್ತಾರೆ, ಎಲ್ಲ ಬರೆದಿಟ್ಟಿದ್ದೇನೆ. ತರಗತಿ ಟೀಚರ್ ಜೊತೆ ಕೂತು ಹೊಂದಿಸಿ ನೋಡಿದಾಗ 11 ಹೆಸರು ಅವರ ಪಟ್ಟಿಯಲ್ಲೂ ಇದ್ದವು. ಹನ್ನೆರಡನೆಯವನಿಗೆ ಓದು ಬರುತ್ತದೆ, ನನ್ನ ಹತ್ತಿರ ಹೆದರಿದ್ದನಂತೆ. ನಾಳೆ ಅವನನ್ನು ಟೀಚರ್ ಪಕ್ಕ ಕೂರಿಸಿ ಇನ್ನೊಮ್ಮೆ ಕೇಳುತ್ತೇನೆ. ಇದನ್ನೂ ಕರಡಿಗೆ ಸೇರಿಸಬೇಕು ಅನ್ನಿಸಿತು, ಓದು ಕೇಳುವವರು ಮಗುವಿಗೆ ಪರಿಚಯದವರಾಗಿರಲಿ.

ಮೂರು ವಾರದಿಂದ ಬಾರದಿದ್ದ ಹುಡುಗಿಯ ಮನೆಗೂ ಹೋಗಿದ್ದೆ. ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲ ಅಂತ ಮನೆಯಲ್ಲೇ ಇದ್ದಳು. ತಮ್ಮನನ್ನೂ ಕರೆದುಕೊಂಡು ಬಾ ಅಂದಿದ್ದೇನೆ. ಇವತ್ತು ಇಬ್ಬರೂ ಬಂದರು.